ನೀಲಿಗೊಂದು ಶಿಫಾರಸು ಪತ್ರ

ಬೆಳ್ಳುಳ್ಳಿ ಸುಲಿಯುತ್ತಿದ್ದೆ. ಅಡುಗೆಮನೆಯ ಯಂತ್ರ ನೀಲಿ ಮತ್ತೆ ಕೇಳಿದಳು: "ಅವ್ವಾರ, ಪತ್ರ ನಾನ ಬರದಿಟ್ಟೀನ್ರಿ. ನೀವು ಸಹಿ ಹಾಕಿದ್ರ ಸಾಕು. ಎಲ್ಲಾ ಮಾಸ್ತರೂ ಹಂಗ ಮಾಡ್ತಾರ."

ರಾತ್ರಿಶಾಲೆಯಲ್ಲಿ ಕಲಿತು ಮುಪ್ಪಿನಲ್ಲಿ ಪದವಿ ಪಡೆದ ನಾನು, ಜರ್ಮನಿಯಲ್ಲಿ ಕಂಪ್ಯೂಟರ್ ಎಂ.ಎಸ್. ಓದಲು ಅರ್ಜಿ ಬರೆದುಕೊಡೆಂದು ಇವಳಿಗೇ ಹೇಳಿದ್ದೆ. ಈಗ ಯಂತ್ರಗಳಿಗೂ ಸೀಟುಂಟು, ಆದರೆ ಮನೆಗೊಂದೇ. ನನ್ನ ಬದುಕನ್ನೆಲ್ಲ ತನ್ನದೆಂದು ಬರೆದು, ಇವಳು ತನ್ನ ಹೆಸರಿನಲ್ಲೇ ಅರ್ಜಿ ಹಾಕಿದಳು. ಸೀಟು ಸಿಕ್ಕಿತು. ಅದು ಖಾಯಂ ಆಗಲು ಕಲಿಸಿದವರ ಪತ್ರ ಬೇಕು. ಇವಳಿಗೆ ಅಡುಗೆ ಕಲಿಸಿದವಳು ನಾನೇ. ನಾನು ತಿಂಗಳುಗಟ್ಟಲೆ ಕೊಟ್ಟಿರಲಿಲ್ಲ.

"ನನಗ ಒಂದ್ ಮಾತು ಕೇಳಬೇಕಿತ್ತಲ್ಲವಾ?"

"ನಿಮ್ಮ ಮೊಣಕಾಲು ಅಲ್ಲಿ ಛಳಿ ತಡೀತಿತ್ತೇನ್ರಿ?"

ಕೈ ಒರೆಸಿಕೊಂಡೆ. ಅವಳ ಪತ್ರ ಅಳಿಸಿ ನಾನೇ ಬರೆದೆ: "ನೀಲಿ ಬಹಳ ಚುರುಕು. ಅರ್ಜಿಯಲ್ಲಿರುವ ಬದುಕು ನನ್ನದು."

"ಒಂದಕ್ಷರ ತಿದ್ದಬ್ಯಾಡ. ಕಳಸು."

ನೀಲಿ ಪತ್ರವನ್ನು ಮತ್ತೆ ಮತ್ತೆ ಓದಿದಳು. ಆಮೇಲೆ ಕಳಿಸಿದಳು.