ಒದ್ದೆ ಬಾಟಲಿ

ಬಾಟಲಿ ಬದಲಾಗುತ್ತಿದೆ ಎಂಬುದರಲ್ಲಿ ಆರ್ಡಿಸ್‌ಗೆ ಅನುಮಾನ ಉಳಿದಿರಲಿಲ್ಲ. ಬದಲಾಯಿಸುತ್ತಿದ್ದವನು ಕಾಲುವೆ ಸಂಘದ ಸಭೆಯ ಮೊದಲ ಸಾಲಿನಲ್ಲೇ, ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡು ಕೂತಿದ್ದ.

ಅವನು ವೆಂಡೆಲ್, ಮೂವತ್ತು ವರ್ಷದಿಂದ ನೆರೆಯವನು. ಟ್ಯಾಲೋ ಹಳ್ಳದ ಒಂದೇ ತೂಬಿನಿಂದ ಇಬ್ಬರ ಹೊಲಕ್ಕೂ ನೀರು. ಮೇಲಿನ ಕಲ್ಲಿದ್ದಲು ಗಣಿಯವರು ಒಳಗಿನ ನೀರನ್ನೆಲ್ಲ ಪಂಪು ಮಾಡಿ ಹಳ್ಳಕ್ಕೆ ಬಿಡತೊಡಗಿದ ಮೇಲೆ ದನದ ಮೇವಿಗೆ ಬೆಳೆಯುವ ಕುದುರೆಮೆಂತೆ ಹೊಲಗಳ ಮೇಲೆ ಬಿಳಿ ಉಪ್ಪು ಏಳುತ್ತಿತ್ತು. ಹಾಯಿಸಿದ ನೀರನ್ನು ಮಣ್ಣು ಕುಡಿಯದೆ ಹೆಂಚಿನ ಹಾಗೆ ಗಟ್ಟಿಯಾಗುತ್ತಿತ್ತು. ಈಗ ಗಣಿಯವರಿಗೆ ಇದರ ಎರಡರಷ್ಟು ಬಿಡಲು ಅನುಮತಿ ಬೇಕಂತೆ. ಬರುವ ವಾರದ ಶುಕ್ರವಾರ ಅಧಿಕಾರಿಗಳೆದುರು ವಿಚಾರಣೆ. ಅಲ್ಲಿ ಸೋತರೆ ಹೊಲ ಹೋಯಿತು ಎಂದೇ ಲೆಕ್ಕ.

ರೈತರ ಕೈಯಲ್ಲಿದ್ದ ಸಾಕ್ಷಿ ಒಂದೇ, ವಾರವಾರ ಮೈಲ್ಸ್ ಸಿಟಿಯ ಪ್ರಯೋಗಾಲಯಕ್ಕೆ ಹೋಗುವ ಬಾಟಲಿ. ಭಾನುವಾರ ಸಂಜೆ ಆರ್ಡಿಸ್ ಹಳ್ಳಕ್ಕಿಳಿದು ತುಂಬುತ್ತಿದ್ದಳು. ಎಷ್ಟು ಒರೆಸಿದರೂ ತಣ್ಣನೆಯ ಬಾಟಲಿ ಬೆವರುತ್ತಿತ್ತು, ಟೇಪು ಹಿಡಿಯುತ್ತಿರಲಿಲ್ಲ. ಅದಕ್ಕೇ ರಾತ್ರಿ ಅಡುಗೆಮನೆಯ ಫ್ರಿಜ್ಜಿನಲ್ಲಿಟ್ಟು, ಬೆಳಿಗ್ಗೆ ಒಣಗಿದ ಮೇಲೆ ಮುಚ್ಚಳಕ್ಕೆ ಟೇಪು ಸುತ್ತಿ ಸಹಿ ಹಾಕಿ ವೆಂಡೆಲ್‌ಗೆ ಕೊಡುವಳು. ಅವನು ಎಂಬತ್ತು ಮೈಲಿ ಒಯ್ಯುವನು.

ಏಳು ವಾರ ಏಳು ರಿಪೋರ್ಟು ಬಂದವು. ಏಳರಲ್ಲೂ ನೀರು ಸ್ವಚ್ಛ. ಗಣಿ ಬರುವ ಮುಂಚೆಯೂ ಹಳ್ಳದ ನೀರು ಇಷ್ಟು ಸಿಹಿ ಇರಲಿಲ್ಲ.

ಸಭೆಯಲ್ಲಿ ಮೊದಲು ಎದ್ದವನು ಆರ್ಡಿಸ್‌ಳ ಗಂಡ ಲೈಲ್. ಗಣಿಯ ವಿಷಯದಲ್ಲಿ ಅವನಷ್ಟು ಉರಿಯುವವರು ಕಣಿವೆಯಲ್ಲಿ ಇನ್ನೊಬ್ಬರಿರಲಿಲ್ಲ. ಹೊಲ ಕೊಳ್ಳುತ್ತೇವೆಂದು ಗಣಿಯಿಂದ ಬಂದ ಲಕೋಟೆಯನ್ನು ಇದೇ ಸಭೆಯಲ್ಲಿ ಚಿಂದಿ ಮಾಡಿದವನು ಅವನು.

"ಅಳಿಯನಿಗೆ ಗಣೀಲಿ ಲಾರಿ ಓಡಿಸೋ ಕೆಲಸ, ಮಾವನ ಕೈಗೆ ನಮ್ಮ ಬಾಟ್ಲಿ," ಎಂದ ಲೈಲ್. "ಇನ್ನೂ ಬಿಡಿಸಿ ಹೇಳ್ಬೇಕಾ?"

ಎಲ್ಲರೂ ಆರ್ಡಿಸ್ ಕಡೆ ನೋಡಿದರು. ಅವಳ ಮಾತಿಗೆ ಅಲ್ಲಿ ತೂಕವಿತ್ತು. ನನ್ನ ಕೈ ದಾಟಿದ ಮೇಲೆ ಬಾಟಲಿ ಮುಟ್ಟುವವನು ವೆಂಡೆಲ್ ಒಬ್ಬನೇ ಎಂದು ಅವಳು ಹೇಳಿಯೇಬಿಟ್ಟಳು. ಅವಳ ತಾಯಿ ಸತ್ತ ದಿನ ಹಿಮದಲ್ಲಿ ದಾರಿ ಕಡಿದುಕೊಂಡು ಬಂದವನು ಇವನೇ.

ವೆಂಡೆಲ್ ಜಗಳಕ್ಕೆ ನಿಲ್ಲಲಿಲ್ಲ. ಟೋಪಿ ಹಾಕಿಕೊಂಡ.

"ನಿನ್ನ ಟೇಪು ಒಂದ್ಸಲಾನೂ ಹರಿದಿರಲಿಲ್ಲ, ಆರ್ಡಿಸ್. ನೀನೇ ಅಂಟಿಸಿದ ಟೇಪು."

ಆ ಸಂಜೆಯೇ ಅವನನ್ನು ಕಾಲುವೆ ಸಂಘದಿಂದ ಕೈಬಿಟ್ಟರು.

ಮುಂದಿನ ಬಾಟಲಿಯನ್ನು ತಾನೇ ಒಯ್ಯುತ್ತೇನೆಂದು ಆರ್ಡಿಸ್ ಹಟ ಹಿಡಿದಳು. ನಾನೇ ಹೋಗಿ ಬರುತ್ತೇನೆಂದು ಲೈಲ್ ಎರಡು ಸಲ ಹೇಳಿ ನೋಡಿದ. ಪ್ರಯೋಗಾಲಯದ ಹೆಂಗಸಿಗೂ ಆ ಅಂಕಿಗಳ ಮೇಲೆ ನಂಬಿಕೆ ಇರಲಿಲ್ಲ. ಮನೆಯಲ್ಲಿ ಕುಡಿಯುವ ನೀರನ್ನೂ ಒಂದು ಬಾಟಲಿ ತನ್ನಿ, ನಮ್ಮ ಯಂತ್ರ ಸರಿಯಿದೆಯೋ ನೋಡೋಣ ಎಂದು ಫೋನು ಮಾಡಿದ್ದಳು.

ಕುಡಿಯುವ ನೀರಿಗೆ ಆ ಮನೆಯಲ್ಲಿ ಬರವಿರಲಿಲ್ಲ. ಬಾವಿ ಕೆಟ್ಟಾಗಿನಿಂದ ಲೈಲ್ ಗುಡ್ಡದ ಮೇಲಿನ ತನ್ನ ತಾಯಿಯ ಒರತೆಯಿಂದ ಕ್ಯಾನು ತುಂಬಿ ತರುತ್ತಿದ್ದ. ಒರತೆಗೊಂದು ಮರದ ಮನೆ, ಮನೆಗೆ ಬೀಗ. ಕೀ ಸದಾ ಅವನ ಸೊಂಟದ ಬೆಲ್ಟಿನಲ್ಲಿ. ಅಮ್ಮನ ಒರತೆ ಊರ ಬಾವಿಯಾಗುವುದು ಬೇಡ ಎನ್ನುತ್ತಿದ್ದ. ಇತ್ತೀಚೆಗೆ ಅವನಿಗೆ ಎಲ್ಲದರಲ್ಲೂ ಜಿಪುಣತನ. ಈ ವರ್ಷ ಕುದುರೆಮೆಂತೆ ಬೀಜವನ್ನೂ ತರಲಿಲ್ಲ. ಮಣ್ಣಿನ ಗತಿ ನೋಡಿ ಬೇಸರವಾಗಿರಬೇಕು ಎಂದುಕೊಂಡು ಆರ್ಡಿಸ್ ಕೇಳಲು ಹೋಗಲಿಲ್ಲ.

ಸೋಮವಾರ ಬೆಳಿಗ್ಗೆ ಲೈಲ್ ದನಗಳ ಕಡೆ ಹೋದ ಮೇಲೆ ಅವಳು ಫ್ರಿಜ್ಜಿನಿಂದ ಹಳ್ಳದ ಬಾಟಲಿ ತೆಗೆದು ಟೇಪು ಸುತ್ತಿದಳು. ಕ್ಯಾನಿನಿಂದ ಇನ್ನೊಂದು ಬಾಟಲಿ ತುಂಬಿದಳು. ದಾರಿಯಲ್ಲಿ ಎಲ್ಲೂ ನಿಲ್ಲಿಸದೆ ಹೋಗಿ, ಎರಡನ್ನೂ ಕೈಯಾರೆ ಕೊಟ್ಟು ಬಂದಳು.

ಗುರುವಾರ ಫೋನು ಬಂತು. ಮೇಜಿನಾಚೆ ಲೈಲ್ ಮರುದಿನದ ವಿಚಾರಣೆಗೆಂದು ಬೂಟಿಗೆ ಪಾಲಿಶ್ ಹಾಕುತ್ತಿದ್ದ.

"ಒಂದು ಮಾತು ಕೇಳ್ಲಾ?" ಎಂದಳು ಪ್ರಯೋಗಾಲಯದ ಹೆಂಗಸು. "ಎರಡು ಬಾಟ್ಲಿಗೂ ಮರೆತು ಒಂದೇ ನೀರು ತುಂಬಿಬಿಟ್ರಾ?"

"ಇಲ್ಲ. ಒಂದು ಹಳ್ಳದ್ದು, ಒಂದು ನಾವು ಕುಡಿಯೋದು."

"ಉಪ್ಪು, ಸುಣ್ಣ, ಸೋಡಿಯಂ, ಒಂದು ಅಂಕಿನೂ ಆಚೀಚೆ ಇಲ್ಲ. ಹಳೇ ಏಳು ರಿಪೋರ್ಟೂ ತೆಗೆದು ನೋಡ್ದೆ. ಅವೂ ಇದೇ ನೀರು."

ಆರ್ಡಿಸ್ ಫೋನು ಇಟ್ಟಳು. ಟೋಪಿ ಹಾಕಿಕೊಂಡು ಹೊರಗೆ ನಡೆದ ವೆಂಡೆಲ್‌ನ ಬೆನ್ನು ಕಣ್ಣಿಗೆ ಕಟ್ಟಿತು. ಮೂವತ್ತು ವರ್ಷದಲ್ಲಿ ಅವನು ಆ ಒರತೆಯ ಒಂದು ಲೋಟ ನೀರು ಕುಡಿದವನಲ್ಲ. ಟೇಪಿಲ್ಲದ ಬಾಟಲಿ ರಾತ್ರಿಯಿಡೀ ಇರುತ್ತಿದ್ದದ್ದು ಇದೇ ಅಡುಗೆಮನೆಯಲ್ಲಿ, ಮತ್ತು ಬಿತ್ತುವ ಮನಸ್ಸಿದ್ದವನು ಬೀಜ ತರದೆ ಇರುತ್ತಿರಲಿಲ್ಲ.

"ಏನಂತೆ?" ಎಂದು ಕೇಳುತ್ತ ಲೈಲ್ ಇನ್ನೊಂದು ಬೂಟಿಗೆ ಬಗ್ಗಿದ, ಸೊಂಟದ ಕೀ ಮೇಜಿನ ಕಾಲಿಗೆ ತಾಗಿ ಸದ್ದು ಮಾಡಿತು.