ಬರೀ ರೈಲ್ವೆ ಸ್ಟೇಷನ್

ಸೋಮವಾರ ಬೆಳಿಗ್ಗೆ ಮಾಂಸ ಕೊಚ್ಚುವ ಯಂತ್ರ ತೊಳೆಯುತ್ತಿದ್ದಾಗ ವಿಯೋರಿಕಾಳ ಬಲಗೈಯ ಎರಡು ಬೆರಳು ತುಂಡಾದವು. ಗುರುವಾರ ಕಾರ್ಖಾನೆಯ ಕಚೇರಿ, ತಪ್ಪು ಅವಳದೇ ಎಂದು ಕಾಗದ ಸಿದ್ಧಪಡಿಸಿತು.

ಆ ಕಾಗದ ಈಗ ಗೆರ್ಲಿಂಡೆಯ ಮುಂದಿತ್ತು. ಜರ್ಮನಿಯ ಓಲ್ಡೆನ್‌ಬುರ್ಗ್ ದಾರಿಯ ಆ ಸಾಸೇಜು ಕಾರ್ಖಾನೆಯಲ್ಲಿ ಆಕೆ ಮೂವತ್ತೊಂದು ವರ್ಷ ದುಡಿದವಳು, ಕೊನೆಯ ಹನ್ನೆರಡು ವರ್ಷ ಮೇಸ್ತ್ರಿಯಾಗಿ. ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳಿತ್ತು. ಮೇಜಿನಾಚೆ ಕೂತ ಮ್ಯಾನೇಜರ್ ಹಾರ್ಟ್‌ವಿಗ್ ಪೆನ್ನಿನ ಮುಚ್ಚಳ ತೆಗೆದು ಆಕೆಯ ಕಡೆ ಸರಿಸಿದ.

“ಒಂದೇ ಸಾಲು, ಗೆರ್ಲಿಂಡೆ ಅವ್ರೇ. ‘ಯಂತ್ರದ ಸುರಕ್ಷತಾ ಪಾಠ ಅವಳಿಗೆ ಅರ್ಥವಾಗಿತ್ತು, ನಾನೇ ಸಾಕ್ಷಿ.’ ನಾಳೆ ತಪಾಸಣೆಯವ್ರು ಬರ್ತಾರೆ, ಅಷ್ಟರೊಳಗೆ ಮುಗಿಸಿಬಿಡೋಣ.”

“ಅವಳ ಗತಿ?”

“ಬೆರಳಿಗೆ ವಿಮೆ ಇದೆಯಲ್ಲ.”

“ಕೆಲಸಕ್ಕೆ?”

ಹಾರ್ಟ್‌ವಿಗ್ ಕಿಟಕಿಯ ಕಡೆ ನೋಡಿದ. ತಪ್ಪು ಅವಳದಾದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ಕಾರ್ಖಾನೆಯ ವಸತಿಯಲ್ಲಿದ್ದ ಒಂದು ಮಂಚವೂ ಹೋಗುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಆಮೇಲೆ ಎಂಟು ಬೆರಳು ಹೊತ್ತುಕೊಂಡು ರೊಮೇನಿಯದ ಬಸ್ಸು ಹತ್ತುವುದೊಂದೇ ದಾರಿ.

“ಅವಳಿಗೆ ಜರ್ಮನ್ ಬರಲ್ಲ ಅಂತ ಮಾತ್ರ ಹೇಳ್ಬೇಡಿ,” ಎಂದ ಅವನು. “ನಮ್ಮಜ್ಜಿ ಆಡ್ತಿದ್ದ ಮಾತೆಲ್ಲ ಆಡ್ತಾಳೆ. ಹೇಳಿಕೊಟ್ಟವ್ರು ನೀವೇ.”

ಅದು ನಿಜವೇ. ರೊಮೇನಿಯದಿಂದ ಕರೆತಂದ ಹೆಂಗಸರಿಗೆ ಕಾರ್ಖಾನೆ ರಬ್ಬರ್ ಬೂಟು ಕೊಟ್ಟಿತು, ಬಿಳಿ ಟೊಪ್ಪಿ ಕೊಟ್ಟಿತು, ಭಾಷೆ ಕೊಡಲಿಲ್ಲ. ಅವರ ಭಾಷೆಯಲ್ಲಿ ಸುರಕ್ಷತಾ ಪಾಠದ ಹಾಳೆಗಳು ಇಂದು ಬಂದಾವು ನಾಳೆ ಬಂದಾವು ಎನ್ನುತ್ತ ಎರಡು ವರ್ಷ ಕಳೆಯಿತು. ಒಂಬತ್ತೂವರೆಯ ಬ್ರೆಡ್ಡಿನ ಬಿಡುವಿನಲ್ಲಿ ಡಬ್ಬಿ ಬಿಚ್ಚಿಟ್ಟುಕೊಂಡು, ಗೆರ್ಲಿಂಡೆಯೇ ತಮಾಷೆಗೆಂದು ದಿನಕ್ಕೊಂದು ಮಾತು ಕಲಿಸಿದಳು. ಯಾವುದಾದರೂ ನಿನಗೆ ಲೆಕ್ಕಕ್ಕಿಲ್ಲವಾದರೆ ‘ನಂಗದು ಸಾಸೇಜು’ ಅನ್ನು. ಎದುರಿಗಿದ್ದದ್ದೇ ಕಾಣದವನಿಗೆ ‘ಕಣ್ಣ ಮೇಲೆ ಟೊಮೇಟೊ ಇಟ್ಕೊಂಡಿದ್ದೀಯಾ’ ಅನ್ನು. ಹೇಳಿದ್ದರ ತಲೆಬುಡ ತಿಳಿಯದಿದ್ದರೆ ‘ನಂಗೆ ಬರೀ ರೈಲ್ವೆ ಸ್ಟೇಷನ್ ಅರ್ಥ ಆಯ್ತು’ ಅನ್ನು.

“ಇದರಲ್ಲಿ ಸ್ಟೇಷನ್ ಯಾಕಕ್ಕಾ?” ಎಂದು ವಿಯೋರಿಕಾ ಕೈಸನ್ನೆಯಲ್ಲೇ ಕೇಳಿದ್ದಳು.

“ನಂಗೇನ್ ಗೊತ್ತೇ. ನಮ್ಮಮ್ಮ ಅಂತಿದ್ಲು, ನಾನೂ ಅಂತೀನಿ.”

ಜರ್ಮನ್‌ನಲ್ಲಿ ನೆಟ್ಟಗೆ ಒಂದು ಲೋಟ ನೀರು ಕೇಳಲು ಬಾರದ ವಿಯೋರಿಕಾ, ಈ ಮಾತುಗಳನ್ನು ಮಾತ್ರ ಗೆರ್ಲಿಂಡೆಯ ರಾಗದಲ್ಲೇ, ಆಕೆಯ ಹಾಗೇ ಗದ್ದ ಮುಂದೆ ಚಾಚಿ ಹೇಳುತ್ತಿದ್ದಳು. ಕೆಲಸದ ಸಾಲಿನಲ್ಲಿದ್ದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಜನವರಿಯಲ್ಲಿ ವರ್ಷಕ್ಕೊಮ್ಮೆಯ ಸುರಕ್ಷತಾ ಪಾಠ ನಡೆಯಿತು. ಊಟದ ಕೋಣೆಯ ಪರದೆಯ ಮೇಲೆ ನಲವತ್ತು ಚಿತ್ರ, ಇಪ್ಪತ್ತು ನಿಮಿಷ, ಎಲ್ಲವೂ ಜರ್ಮನ್‌ನಲ್ಲಿ. ಗಟಗಟನೆ ಓದಿ ಮುಗಿಸಿದವಳು ಗೆರ್ಲಿಂಡೆ. ನಿಲ್ಲಿಸುವ ಗುಂಡಿ ಒತ್ತಿದ ಮೇಲೂ ಮಾಂಸ ಕೊಚ್ಚುವ ಹೊಸ ಯಂತ್ರದ ಅಲಗು ಹನ್ನೊಂದು ಸೆಕೆಂಡು ತಿರುಗುತ್ತದೆ ಎಂಬುದು ಮೂವತ್ತಮೂರನೆಯ ಚಿತ್ರದಲ್ಲಿತ್ತು. ಕೊನೆಗೆ ‘ಅರ್ಥವಾಯಿತು’ ಎಂದು ಅಚ್ಚು ಹಾಕಿದ ಪಟ್ಟಿ ಸಹಿಗಾಗಿ ಕೈಯಿಂದ ಕೈಗೆ ಬಂತು. ವಿಯೋರಿಕಾ ಪೆನ್ನು ಹಿಡಿದು ಎದ್ದು ನಿಂತಳು.

“ಅಕ್ಕಾ, ನಂಗೆ ಬರೀ ರೈಲ್ವೆ ಸ್ಟೇಷನ್ ಅರ್ಥ ಆಯ್ತು.”

ಕೋಣೆಗೆ ಕೋಣೆಯೇ ನಕ್ಕಿತು. ಹಾರ್ಟ್‌ವಿಗ್ ಚಪ್ಪಾಳೆ ತಟ್ಟಿ, “ನೋಡ್ರಪ್ಪ, ನಮಗಿಂತ ಚೆನ್ನಾಗಿ ಆಡ್ತಾಳೆ,” ಎಂದ. ಎಲ್ಲರಿಗಿಂತ ಜೋರಾಗಿ ನಕ್ಕವಳು ಗೆರ್ಲಿಂಡೆ. ನಗುತ್ತಲೇ, “ಹಾಕೇ ಸಹಿ, ಹೊತ್ತಾಯ್ತು,” ಎಂದು ಅವಳ ಬೆನ್ನು ತಟ್ಟಿದ್ದಳು. ಅವತ್ತು ವಿಯೋರಿಕಾ ನಕ್ಕಿರಲಿಲ್ಲ ಎಂಬುದು ಆಕೆಗೆ ಹೊಳೆದದ್ದು ನಿನ್ನೆ, ಆಸ್ಪತ್ರೆಯಲ್ಲಿ, ಬ್ಯಾಂಡೇಜು ಸುತ್ತಿದ ಆ ಕೈಯ ಪಕ್ಕ ಕೂತಾಗ. ಅವಳು ಅತ್ತಿರಲಿಲ್ಲ, ಬೈದಿರಲಿಲ್ಲ. “ಹೇಳಿದ್ದೆ ಅಕ್ಕಾ,” ಎಂದಷ್ಟೇ ಅಂದು ಗೋಡೆಯ ಕಡೆ ತಿರುಗಿಕೊಂಡಿದ್ದಳು.

“ಅವಳು ಹೇಳಿದ್ಲು,” ಎಂದಳು ಈಗ ಗೆರ್ಲಿಂಡೆ. “ತಿಳೀಲಿಲ್ಲ ಅಂತ ಎಲ್ರೆದುರಿಗೂ ಹೇಳಿದ್ಲು. ನೀವು ಚಪ್ಪಾಳೆ ಹೊಡೆದ್ರಿ.”

“ಅಯ್ಯೋ, ತಮಾಷೆ ಮಾಡಿದ್ಲು ಅಷ್ಟೆ.”

“ತಮಾಷೆ ಮಾಡಿದ್ದು ನಾವು.”

ಹಾರ್ಟ್‌ವಿಗ್ ಮುಂದಕ್ಕೆ ಬಾಗಿ ದನಿ ತಗ್ಗಿಸಿದ. “ನೋಡಿ, ಪಾಠ ಓದಿದವ್ರು ನೀವು. ಸಹಿ ಹಾಕು ಅಂದವ್ರೂ ನೀವು. ಅವಳಿಗೆ ತಿಳಿದಿರಲಿಲ್ಲ ಅಂತಾದ್ರೆ ಮೊದಲು ಯಾರ ತಲೆ ಮೇಲೆ ಬರುತ್ತೆ? ಹದಿನಾಲ್ಕು ತಿಂಗಳು ಉಳಿದಿದೆ ನಿಮ್ದು. ಈ ಕಾಗದ ನಿಮ್ಮನ್ನೂ ಕಾಪಾಡುತ್ತೆ. ನಾನು ಹೇಳಿದ್ದು ಅರ್ಥ ಆಯ್ತಲ್ಲ? ಹಾಕಿ ಸಹಿ.”

ಆತ ಹೇಳಿದ್ದರಲ್ಲಿ ಒಂದಕ್ಷರವೂ ಅರ್ಥವಾಗದೆ ಉಳಿದಿರಲಿಲ್ಲ. ಗೆರ್ಲಿಂಡೆ ಮುಚ್ಚಳವನ್ನು ಹುಡುಕಿ ಪೆನ್ನಿಗೆ ಹಾಕಿದಳು. ಪೆನ್ನನ್ನು ಕಾಗದದ ಮೇಲಿಟ್ಟು, ಎರಡನ್ನೂ ಒಟ್ಟಿಗೆ ಅವನ ಕಡೆಗೇ ದೂಡಿದಳು. ಎದ್ದು ನಿಂತು, ಗದ್ದ ಮುಂದೆ ಚಾಚಿ ಹೇಳಿದಳು:

“ಇಲ್ಲ ಸಾಹೇಬ್ರೇ, ನಂಗೆ ಬರೀ ರೈಲ್ವೆ ಸ್ಟೇಷನ್ ಅರ್ಥ ಆಯ್ತು.”