ಬೋಲ್ಟಿನ ಮೇಲಿನ ಹಳದಿ ಗೆರೆ

ಹಳೇ ಡೀಸೆಲ್ ಕಾರಿನಡಿ ಮಲಗಿದ್ದ ಮೆಕ್ಯಾನಿಕ್‌ನ ಸ್ಪ್ಯಾನರ್ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಬೋಲ್ಟ್ ಮೇಲೆ ನಿಂತೇಬಿಟ್ಟಿತು. ಹೋದ ವರ್ಷ ಮನೆಗೆ ಹೋಗುವ ಅವಸರದಲ್ಲಿ, ಬೋಲ್ಟ್ ಬಿಚ್ಚದೆಯೇ ‘ಆಯಿಲ್ ಬದಲಾಯಿಸಿದ್ದೇನೆ’ ಎಂಬ ಗುರುತಿಗೆ ಬೋಲ್ಟಿನಿಂದ ಗೇರ್‌ಬಾಕ್ಸಿನ ಮೈವರೆಗೆ ಅವನೇ ಎಳೆದಿದ್ದ ಹಳದಿ ಬಣ್ಣದ ಗೆರೆ ಮುರಿಯದೆ ಹಾಗೇ ಇತ್ತು. ಗಿಳಿಯೊಳಗೆ ರಾಕ್ಷಸನ ಪ್ರಾಣ ಅಡಗಿದಂತೆ ಅವನ ಸುಳ್ಳೆಲ್ಲ ಆ ಗೆರೆಯೊಳಗಿತ್ತು.

“ತಪ್ಪು ನಂದೇ ಕಣಪ್ಪಾ,” ಎಂದಳು ಪಕ್ಕದಲ್ಲಿ ನಿಂತಿದ್ದ ಕಾರಿನ ಒಡತಿ, ಹೆರಿಗೆ ನರ್ಸಮ್ಮ. “ನೀನು ಆಯಿಲ್ ಹಾಕಿ ಮಗು ಥರ ನೋಡ್ಕೊಂಡೆ. ಏರಲ್ಲಿ ಗೇರು ಜಾರೋ ಹಾಗೆ ಮಾಡಿದ್ದು ನಾನು. ನಂಗೆ ಓಡಿಸೋಕೆ ಬರಲ್ಲ ಅಂತ ನಮ್ಮನೆಯವರು ಅನ್ನೋದೇ ಸರಿ, ಇನ್ನು ಸ್ಟೀರಿಂಗ್ ಮುಟ್ಟಲ್ಲ ಬಿಡು.”

ಅವನು ಬೋಲ್ಟ್ ತಿರುಗಿಸಿದ. ಗೆರೆ ಮೊದಲ ಸಲ ಮುರಿಯಿತು. ಆಯಿಲ್ ಡಾಂಬರಿನಂತೆ ಕಪ್ಪಗೆ ತಟ್ಟೆಗಿಳಿಯಿತು.

ಆ ತಟ್ಟೆಯನ್ನು ಅವನು ಆಕೆಯ ಚಪ್ಪಲಿಯವರೆಗೂ ತಳ್ಳಿದ. “ಅಕ್ಕಾ, ನೀವು ಚೆನ್ನಾಗೇ ಓಡಿಸ್ತೀರಿ. ಗೇರು ಜಾರಿದ್ದು ಈ ಹಳೇ ಆಯಿಲ್‌ಗೆ. ಹೋದ್ವರ್ಷ ಈ ಬೋಲ್ಟನ್ನ ನಾನು ಬಿಚ್ಚೇ ಇರ್ಲಿಲ್ಲ.”